ಹಾಲಿಗೂ ಒಂದು ಹೆಸರಿರಲಿ

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಗುವಿನ ಅಳಿವು ಉಳಿವನ್ನು ನಿರ್ಧರಿಸುವ ಸಂಗತಿಗಳು ವೈದ್ಯರಿಗೆ ಅಪರಿಚಿತವಲ್ಲ. ಅವಧಿಗೆ ಮುನ್ನ ಜನನ, ಎರಡೂವರೆ ಕಿಲೋಗಿಂತ ಕಡಿಮೆ ತೂಕ, ಹುಟ್ಟುವಾಗಿನ ಉಸಿರುಗಟ್ಟುವಿಕೆ, ಸೋಂಕು, ಆಸ್ಪತ್ರೆ ಸೇರಲಾದ ವಿಳಂಬ ಇವೇ ಮುಖ್ಯ. ಇವುಗಳ ವಿರುದ್ಧದ ಹೋರಾಟದಲ್ಲಿ ಯಂತ್ರ, ಔಷಧಗಳ ಜೊತೆಗೆ ನಿಲ್ಲುವ ಇನ್ನೊಂದು ಬಲ ತಾಯಿಯ ಹಾಲು. ಅವಧಿಪೂರ್ವ ಶಿಶುವಿನ ಬಲಿಯದ ಕರುಳನ್ನು ನಾಶಮಾಡುವ ಮಾರಕ ಕಾಯಿಲೆಯೊಂದು ಪುಡಿಹಾಲು ಕುಡಿದ ಮಕ್ಕಳಲ್ಲಿ ಹೆಚ್ಚು. ಎದೆಹಾಲು ಕುಡಿದವರಲ್ಲಿ ಕಡಿಮೆ.

ಆದರೆ ತಾಯಿಗೇ ಹಾಲು ಬಾರದಿದ್ದರೆ? ಆಗ ದಾನಿ ತಾಯಂದಿರ ಹಾಲನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ಆರಂಭವಾಗಿತ್ತು.

ಇಲ್ಲಿ ಮುಸ್ಲಿಮ್ ಹೆತ್ತವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಶರೀಅತ್‌ನಲ್ಲಿ ಹಾಲು ಸಂಬಂಧವನ್ನು ಸೃಷ್ಟಿಸುತ್ತದೆ. ಹಾಲುಣಿಸಿದವಳು ತಾಯಿಯಾಗುತ್ತಾಳೆ, ಅವಳ ಮಕ್ಕಳು ಒಡಹುಟ್ಟಿದವರಾಗುತ್ತಾರೆ, ಅವರೊಳಗೆ ವಿವಾಹ ನಿಷಿದ್ಧವಾಗುತ್ತದೆ. ಹಲವರ ಹಾಲು ಒಂದೇ ಪಾತ್ರೆಯಲ್ಲಿ ಬೆರೆತರೆ ಈ ಸಂಬಂಧವನ್ನು ಗುರುತಿಸುವುದು ಹೇಗೆ? ಈ ಆತಂಕದಿಂದಲೇ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1985ರಲ್ಲಿ ಹಾಲಿನ ಬ್ಯಾಂಕುಗಳನ್ನು ಒಪ್ಪಲಿಲ್ಲ. 2004ರಲ್ಲಿ ಯುರೋಪಿನ ಫತ್ವಾ ಮಂಡಳಿಯು ಅವಧಿಪೂರ್ವ ಶಿಶುಗಳ ಅಗತ್ಯವನ್ನು ಮನಗಂಡು ಅನುಮತಿಸಿತು. 2024ರಲ್ಲಿ ಕರಾಚಿಯಲ್ಲಿ ಆರಂಭವಾದ ಬ್ಯಾಂಕ್, ಮೊದಲು ಷರತ್ತುಬದ್ಧ ಅನುಮತಿ ನೀಡಿದ್ದ ಉಲಮಾಗಳು ನಿಲುವು ಬದಲಿಸಿದ್ದರಿಂದ ಸ್ಥಗಿತಗೊಂಡಿತು.

ಸಮಸ್ಯೆಯಿರುವುದು ಹಾಲನ್ನು ಹಂಚಿಕೊಳ್ಳುವುದರಲ್ಲಲ್ಲ. ಪ್ರವಾದಿವರ್ಯರು(ಸ) ಹಲೀಮಾರ ಹಾಲುಂಡು ಬೆಳೆದವರು. ಆದರೆ ಹಾಲುಣಿಸಿದವರು ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ಅಂದರೆ ಸಮಸ್ಯೆಯ ಬೇರು ಅನಾಮಧೇಯತೆಯಲ್ಲಿದೆ. ಅದಕ್ಕೆ ಪರಿಹಾರ ಅಸಾಧ್ಯವಲ್ಲ. ಒಬ್ಬ ದಾನಿಯ ಹಾಲನ್ನು ಇನ್ನೊಬ್ಬಳ ಹಾಲಿನೊಂದಿಗೆ ಬೆರೆಸದಿರುವುದು, ಹೆಸರು ದಾಖಲಿಸುವುದು, ಎರಡೂ ಕುಟುಂಬಗಳಿಗೆ ಆ ದಾಖಲೆಯ ಪ್ರತಿ ನೀಡುವುದು ಇವಿಷ್ಟನ್ನು ಮನಸ್ಸಿದ್ದರೆ ಮಾಡಬಹುದು. ರಕ್ತದ ಪ್ರತಿ ಬಾಟಲಿಗೂ ಲೆಕ್ಕವಿಡುವ ವ್ಯವಸ್ಥೆಗೆ ಹಾಲಿನ ಲೆಕ್ಕ ಹೊರೆಯಾಗದು.

ಆದ್ದರಿಂದ ಸರಕಾರವು ಈ ದಾಖಲೆಯನ್ನು ಹಾಲಿನ ಬ್ಯಾಂಕುಗಳ ನಿಯಮವಾಗಿಸಬೇಕು. ನಮ್ಮ ಉಲಮಾಗಳು ಶಿಶುತಜ್ಞರೊಂದಿಗೆ ಕುಳಿತು, ಯಾವ ಷರತ್ತಿನ ಮೇಲೆ ಏನು ಅನುಮತಿಸಲ್ಪಡುತ್ತದೆಂಬುದನ್ನು ಮುಂಚಿತವಾಗಿಯೇ ಸ್ಪಷ್ಟಪಡಿಸಬೇಕು. ನಡುರಾತ್ರಿ ಐಸಿಯು ಬಾಗಿಲಲ್ಲಿ ಒಪ್ಪಿಗೆ ಪತ್ರ ಹಿಡಿದು ನಿಂತ ತಂದೆಗೆ ಫತ್ವಾ ಹುಡುಕುವ ವ್ಯವಧಾನವಿರುವುದಿಲ್ಲ.

ಜೊತೆಗೆ ನಮ್ಮ ಮನೆಗಳಲ್ಲಿಯೂ ಒಂದು ತಿದ್ದುಪಡಿ ಆಗಬೇಕಾಗಿದೆ. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಚೆಲ್ಲುವುದು ಧರ್ಮವಲ್ಲ, ರೂಢಿ ಮಾತ್ರ. ಸೋಂಕಿನ ವಿರುದ್ಧ ಶಿಶುವಿಗೆ ದೊರೆಯುವ ಮೊದಲ ರಕ್ಷಣೆಯೇ ಅದು. ಒಂದು ಜೀವವನ್ನು ಉಳಿಸುವುದು ಇಡೀ ಮಾನವಕುಲವನ್ನು ಉಳಿಸಿದಂತೆಂದು ನಂಬಿದ ಸಮುದಾಯವು, ಅಲ್ಲಾಹನೇ ಎದೆಯಲ್ಲಿಟ್ಟ ಈ ಅನುಗ್ರಹವನ್ನು ಅಜ್ಞಾನದಿಂದಲೂ ವ್ಯರ್ಥಗೊಳಿಸಬಾರದು, ಅಲಕ್ಷ್ಯದಿಂದಲೂ ಕಳೆದುಕೊಳ್ಳಬಾರದು.