ಹಾವಿನ ಮೈಮೇಲಿನ ಗಂಟು
ಅಮೆರಿಕದ ಎಷ್ಟೋ ಮನೆಗಳಲ್ಲಿ ಸಾಕುವ ಕಾರ್ನ್ ಸ್ನೇಕ್ ಎಂಬ ಹಾವು ಇಲಿ ನುಂಗಿದ ಮೇಲೆ ಅದರ ನಡುಮೈ ಉಬ್ಬುವುದು ಸಹಜ. ಕೆಲವೇ ದಿನಗಳಲ್ಲಿ ಆ ಉಬ್ಬು ಕರಗುತ್ತದೆ. ಕರಗದೆ ಉಳಿದ ಗಂಟು, ಅದರಲ್ಲೂ ಒಂದೇ ಪಕ್ಕಕ್ಕೆ ಎದ್ದು ನಿಂತದ್ದು, ಬೇರೆಯೇ ವಿಷಯ. ಅನೇಕ ಸಲ ಅದು ಕೀವುಗಂಟು. ಆದರೆ ಮನುಷ್ಯರ ಕುರುವಿನ ಹಾಗೆ ಹಣ್ಣಾಗಿ ಒಡೆದು ಸೋರುವುದಿಲ್ಲ. ಕೀವನ್ನು ನೀರಾಗಿಸುವ ಕಿಣ್ವಗಳು ಸರೀಸೃಪಗಳ ಬಿಳಿ ರಕ್ತಕಣಗಳಲ್ಲಿ ಕಡಿಮೆ. ಹಾಗಾಗಿ ಕೀವು ಪನೀರಿನಂತೆ ಗಟ್ಟಿಯಾಗಿ, ಸುತ್ತ ಚೀಲ ಕಟ್ಟಿಕೊಂಡು ಕೂರುತ್ತದೆ. ದಯವಿಟ್ಟು ಹಿಂಡಬೇಡಿ, ಸೋಂಕು ಒಳಗೊಳಗೇ ಹರಡೀತು. ಔಷಧಿಯೂ ಆ ಚೀಲದೊಳಕ್ಕೆ ಸರಿಯಾಗಿ ಇಳಿಯದು. ವೈದ್ಯರು ಅರಿವಳಿಕೆ ಕೊಟ್ಟು ಚೀಲದ ಸಮೇತ ಬಿಡಿಸಿ ತೆಗೆಯಬೇಕಾಗುತ್ತದೆ. ಗಂಟು ಬಾಲದ ಕಡೆಗಿದ್ದರೆ ಮಲ ಕಟ್ಟಿರಬಹುದು, ಹೆಣ್ಣಾದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಜಠರದ ಜಾಗದಲ್ಲಿ ಊತವಿದ್ದು, ತಿಂದದ್ದನ್ನೆಲ್ಲ ಕಕ್ಕುತ್ತಿದ್ದರೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿಯ ಶಂಕೆ. ಅಂಥ ಹಾವನ್ನು ಉಳಿದವುಗಳಿಂದ ಕೂಡಲೇ ಬೇರೆ ಇಡಬೇಕು. ವಯಸ್ಸಾದ ಹಾವಿಗೆ ಕ್ಯಾನ್ಸರ್ ಗಡ್ಡೆಯೂ ಬರುತ್ತದೆ. ಬರಿಗೈಯಲ್ಲಿ ಮುಟ್ಟಿ ಇದು ಇಂಥದ್ದೇ ಎನ್ನಲಾಗದು. ಎಕ್ಸ್‌ರೇ, ಸ್ಕ್ಯಾನ್, ಸೂಜಿಯಲ್ಲಿ ತೆಗೆದ ಮಾದರಿಯ ಪರೀಕ್ಷೆ ಬೇಕು. ನೋವಾದರೆ ನಾಯಿ ಕುಂಯ್‌ಗುಡುತ್ತದೆ, ಹಾವಿಗೆ ಆ ದಾರಿಯೂ ಇಲ್ಲ. ‘ತಿನ್ನುತ್ತಿದೆಯಲ್ಲ, ನೋಡೋಣ’ ಎಂದು ತಿಂಗಳುಗಟ್ಟಲೆ ಕಾಯುವವರ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಗಂಟು ಕಂಡ ದಿನವೇ ಇಲಿ ಹಾಕುವುದನ್ನು ನಿಲ್ಲಿಸಿ, ಹಾವನ್ನಿಟ್ಟ ಪೆಟ್ಟಿಗೆಯ ಬಿಸಿ ಸರಿಯಿದೆಯೇ ನೋಡಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಹಾವಿನ ತೂಕ ಮತ್ತು ಕೊನೆಯ ಊಟದ ದಿನ ಬರೆದುಕೊಂಡು, ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ.