ರೆಕಾರ್ಡ್ ಅಂಗಡಿಯಲ್ಲಿ ಒಂದು ಸುತ್ತು

ಇಂದು ಬೆರಳು ಒತ್ತಿದರೆ ಸಾಕು, ಮೊಬೈಲಿನಲ್ಲಿ ಬೇಕಾದ ಹಾಡು ಬರುತ್ತದೆ. ರೊಟ್ಟಿ ತಟ್ಟುತ್ತಾ ಮುಹಮ್ಮದ್ ರಫಿಯನ್ನು ಕೇಳಬಹುದು. ಬಟ್ಟೆ ಮಡಚುತ್ತಾ ಕವ್ವಾಲಿ ಕೇಳಬಹುದು. ಹೀಗಿರುವಾಗ ಹಾಡಿಗಾಗಿ ಅಂಗಡಿಗೆ ಹೋಗುವವರು ಯಾರಿದ್ದಾರೆ ಎಂದು ನೀವು ಕೇಳಬಹುದು. ಇದ್ದಾರೆ. ಕೋಲ್ಕತಾದ ಮಿರ್ಜಾ ಗಾಲಿಬ್ ಬೀದಿ, ಅಂದರೆ ಹಿಂದಿನ ಫ್ರೀ ಸ್ಕೂಲ್ ಸ್ಟ್ರೀಟ್, ಮುಂಬೈಯ ಚೋರ್ ಬಜಾರ್, ದೆಹಲಿಯ ಜಾಮಾ ಮಸೀದಿ ಬಳಿಯ ಮೀನಾ ಬಜಾರ್ ಇವೆಲ್ಲ ಹಳೆಯ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಗಳಿಗೆ ದಶಕಗಳಿಂದ ಹೆಸರಾದ ಜಾಗಗಳು. ಅಂಥ ಅಂಗಡಿಯೊಳಗೆ ಕಾಲಿಟ್ಟವರಿಗೆ ಮಾತ್ರ ಅದರ ಸುಖ ಗೊತ್ತು. ಈ ಬಾರಿ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಆಸೆ ನನ್ನದು.

ಅಂಗಡಿ ಸಾಮಾನ್ಯವಾಗಿ ಚಿಕ್ಕದು. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಿ ನಿಂತು ದಾರಿ ಬಿಡಬೇಕು. ಗೋಡೆಯುದ್ದಕ್ಕೂ ಹಲಗೆಗಳು, ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳು. ಹಳೆಯ ಕಾಗದದ ವಾಸನೆ. ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ರೆಕಾರ್ಡುಗಳನ್ನು ಬೆರಳಿನಿಂದ ಒಂದೊಂದಾಗಿ ಮುಂದಕ್ಕೆ ಬಾಗಿಸುತ್ತಾ ಹೋಗಬೇಕು. ನಮ್ಮ ಹಿರಿಯರು 'ಪ್ಲೇಟು' ಎಂದು ಕರೆಯುತ್ತಿದ್ದುದು ಇವನ್ನೇ. ಭಾರವಾದ, ಕೆಳಗೆ ಬಿದ್ದರೆ ಗಾಜಿನಂತೆ ಒಡೆಯುವ ಹಳೆಯ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಮರದ ಕೊಂಬೆಗಳ ಮೇಲೆ ಹುಳಗಳು ಬಿಡುವ ಅರಗಿನಿಂದ ಇವು ತಯಾರಾಗುತ್ತಿದ್ದವು. ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು ಮಾತ್ರ. ಗಂಟೆಗಟ್ಟಲೆ ಹಾಡುವ ಉಸ್ತಾದರು ಆ 3 ನಿಮಿಷದೊಳಗೆ ತಮ್ಮ ವಿದ್ಯೆಯನ್ನೆಲ್ಲ ತುಂಬಬೇಕಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಿತು. ಪ್ಲಾಸ್ಟಿಕ್ ಜಾತಿಯ ವಿನೈಲ್‌ನಿಂದ ಮಾಡಿದ ಅದರ ಒಂದು ಬದಿಯಲ್ಲಿ 20 ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಯಿತು.

ಮೊಬೈಲ್ ನಿಮಗೆ ನೀವು ಕೇಳಿದ್ದನ್ನು ಕೊಡುತ್ತದೆ. ಕೇಳಿದ್ದನ್ನು ಕೊಟ್ಟ ಮೇಲೆ ಅದೇ ಬಗೆಯ ಇನ್ನೂ ಹತ್ತನ್ನು ಸಾಲಾಗಿ ನಿಲ್ಲಿಸುತ್ತದೆ. ಅಂಗಡಿಯ ಪೆಟ್ಟಿಗೆಗೆ ಅಂಥ ಲೆಕ್ಕಾಚಾರ ಗೊತ್ತಿಲ್ಲ. ಶಕೀಲಾ ಬಾನೊ ಭೋಪಾಲಿಯ ಕವ್ವಾಲಿಯ ಬೆನ್ನಿಗೆ ಯಾವುದೋ ನಾಟಕದ ಹಾಡು, ಅದರ ಹಿಂದೆ ಬೇಗಂ ಅಖ್ತರ್‌ರ ಗಝಲ್, ಅದರ ಹಿಂದೆ ಮುಶಾಯಿರಾದ ರೆಕಾರ್ಡ್. ನೀವು ಒಂದನ್ನು ಹುಡುಕಿಕೊಂಡು ಹೋಗಿ ಮತ್ತೊಂದನ್ನು ಹಿಡಿದುಕೊಂಡು ಬರುತ್ತೀರಿ. ರಟ್ಟಿನ ಹೊದಿಕೆಯನ್ನು ತಿರುಗಿಸಿ ಓದಿದರೆ ಹಾಡಿನ ಹಿಂದಿನ ಜನರೂ ಕಾಣುತ್ತಾರೆ. ಬರೆದವರು ಯಾರು, ಹಾರ್ಮೋನಿಯಂ ಯಾರದು, ತಬಲಾ ಯಾರದು ಎಂಬುದನ್ನು ಎಷ್ಟೋ ಹೊದಿಕೆಗಳು ಹೇಳುತ್ತವೆ. ಮೊಬೈಲಿನ ಪರದೆಯಲ್ಲಿ ನಾವು ಇವರನ್ನೆಲ್ಲ ದಾಟಿ ಹೋಗಿಬಿಡುತ್ತೇವೆ.

ಇನ್ನು ಅಂಗಡಿಯವನ ಮಾತು. ದೊಡ್ಡ ಮಳಿಗೆಯಲ್ಲಿ ಸಂಬಳದ ಹುಡುಗನಿರುತ್ತಾನೆ. ಚಿಕ್ಕ ಅಂಗಡಿಯಲ್ಲಿ ಸರಕನ್ನು ತಾನೇ ಆರಿಸಿ ತಂದ ಮನುಷ್ಯ ಕುಳಿತಿರುತ್ತಾನೆ. ಮುಂಬೈಯ ಅಂಥ ಒಂದು ಅಂಗಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬುರ್ಖಾ ಧರಿಸಿದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಅವರಿಗೆ ಬೇಕಾಗಿದ್ದ ಕವ್ವಾಲಿಯ ಹೆಸರು ಗೊತ್ತಿಲ್ಲ, ಹಾಡಿದವರೂ ಗೊತ್ತಿಲ್ಲ. "ಖಾಲಾ, ಅದನ್ನು ಎಲ್ಲಿ ಕೇಳಿದ್ದು? ರೇಡಿಯೋದಲ್ಲೋ, ಮದುವೆ ಮನೆಯಲ್ಲೋ?" ಎಂದು ಅಂಗಡಿಯವ ಕೇಳಿದ. "ನನ್ನ ನಿಕಾಹ್‌ನ ದಿನ ಬೇಟಾ, ಮೈಕಿನಲ್ಲಿ ಹಾಕಿದ್ದರು" ಎಂದರು ಅಜ್ಜಿ. ಯಾವ ಊರು, ಎಷ್ಟು ವರ್ಷವಾಯಿತು ಎಂದೆಲ್ಲ ಕೇಳಿ ಆತ ಏಣಿ ಹತ್ತಿದ. ಮೊದಲು ತೆಗೆದದ್ದು ಅದಲ್ಲ. ಎರಡನೆಯದೂ ಅಲ್ಲ. ಮೂರನೆಯದರ ಮೇಲೆ ಮುಳ್ಳು ಇಟ್ಟಾಗ ಅಜ್ಜಿ ಮಾತಾಡಲಿಲ್ಲ, ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರ ಮನೆಯಲ್ಲಿ ರೆಕಾರ್ಡ್ ಹಾಕುವ ಯಂತ್ರವಿರಲಿಲ್ಲ. ಆದ್ದರಿಂದ ಕೊಳ್ಳಲೂ ಇಲ್ಲ. ಎರಡು ಸಲ ಕೇಳಿ, ಅಂಗಡಿಯವನಿಗೆ ದುಆ ಮಾಡಿ ಹೊರಟರು. ಆತನೂ ಬೇಸರಿಸಲಿಲ್ಲ.

ಈ ಗುಣವೇ ರೆಕಾರ್ಡ್ ಅಂಗಡಿಯ ದೊಡ್ಡ ಗುಣ. ಬಟ್ಟೆಯಂಗಡಿಯಲ್ಲಿ ನೋಡಿ ಬರಬಹುದು, ಉಟ್ಟು ಬರಲಾಗದು. ಇಲ್ಲಿ ಕಾಸಿಲ್ಲದವರೂ ಕಿವಿ ತುಂಬಿಕೊಂಡು ಬರಬಹುದು. ಮುಂಬೈಯ ಕಾಲಾ ಘೋಡಾದಲ್ಲಿದ್ದ 'ರಿದಮ್ ಹೌಸ್' ಅಂಗಡಿಯಲ್ಲಿ ಗಿರಾಕಿಗಳು ಕೇಳಿ ನೋಡಲೆಂದೇ ಪುಟ್ಟ ಕೋಣೆಗಳಿದ್ದವು. ನಮ್ಮ ಗದಗಿನ ಕಥೆಯನ್ನು ಸಂಗೀತಪ್ರಿಯರೆಲ್ಲ ಬಲ್ಲರು. ಶಾಲೆಯಿಂದ ಮನೆಗೆ ಹೋಗುವ ಹುಡುಗನೊಬ್ಬ ದಾರಿಯಲ್ಲಿದ್ದ ರೆಕಾರ್ಡ್ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದನಂತೆ. ಅಲ್ಲಿ ಅವನ ಕಿವಿಗೆ ಬಿದ್ದದ್ದು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿ. ಹಾಗೆಯೇ ಹಾಡಬೇಕೆಂಬ ಹಂಬಲದಿಂದ 11ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತಾ ಹೊರಟ ಆ ಹುಡುಗ ಮುಂದೆ ಪಂಡಿತ್ ಭೀಮಸೇನ ಜೋಶಿಯಾದರು. ಕೊನೆಗೆ ಗುರುವಾಗಿ ಸಿಕ್ಕವರು ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು. ಅವರದೇ ಮತ್ತೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ ಕೂಡ ಬಾಲ್ಯದಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಬೀದಿಗೆ ಓಡಿ ಬಂದು, ಕೇಳಿದ್ದನ್ನು ಅನುಕರಿಸಲು ನೋಡುತ್ತಿದ್ದರು. ಆ ಅಂಗಡಿಯವನು "ಕೊಳ್ಳುವುದಾದರೆ ನಿಲ್ಲು, ಇಲ್ಲವಾದರೆ ನಡೆ" ಎಂದು ಹುಡುಗನನ್ನು ಗದರಿಸಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಸಹೋದರಿಯರೇ, ಈ ರೆಕಾರ್ಡುಗಳಲ್ಲಿ ಹೆಣ್ಣಿನ ಪಾಲೆಷ್ಟು ಎಂಬುದನ್ನೂ ನೀವು ತಿಳಿಯಬೇಕು. ಭಾರತದ ಧ್ವನಿಮುದ್ರಣದ ಚರಿತ್ರೆಯಲ್ಲಿ ಮೊದಲ ದೊಡ್ಡ ಹೆಸರೇ ಒಬ್ಬ ಮುಸ್ಲಿಂ ಗಾಯಕಿಯದು. 1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವರು ಕೋಲ್ಕತಾಕ್ಕೆ ಬಂದು ಗೌಹರ್ ಜಾನ್‌ರ ಹಾಡುಗಳನ್ನು ಮುದ್ರಿಸಿಕೊಂಡರು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟುಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ತಿಳಿಯಲು ಈ ಉಪಾಯ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದ ಗೌಹರ್ ಜಾನ್, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಬಿಜಾಪುರ ಸೀಮೆಯ ಬೀಳಗಿಯಿಂದ ಮುಂಬೈಗೆ ಹೋದ ಅಮೀರ್‌ಬಾಯಿ ಕರ್ನಾಟಕಿ ಎಚ್‌ಎಂವಿ ಕಂಪೆನಿಗೆ ಕವ್ವಾಲಿ ಹಾಡಿ ಹೆಸರಾದರು. 1943ರ 'ಕಿಸ್ಮತ್' ಚಿತ್ರದ ಬಳಿಕ ಅವರ ಧ್ವನಿ ದೇಶವಿಡೀ ಪರಿಚಿತವಾಯಿತು.

ಹಲಗೆಯ ಮೇಲೆ ಹೆಣ್ಣಿನ ಧ್ವನಿ ಇಷ್ಟಿದ್ದರೂ ಅಂಗಡಿಯೊಳಗೆ ಹೆಣ್ಣಿನ ಕಾಲು ಬಿದ್ದದ್ದು ಕಡಿಮೆ. ಮನೆಗೆ ರೆಕಾರ್ಡ್ ಬರುತ್ತಿದ್ದುದು ಗಂಡನ ಕೈಯಲ್ಲಿ, ಅಣ್ಣನ ಕೈಯಲ್ಲಿ. ಅವರಿಗೆ ಇಷ್ಟವಾದುದನ್ನು ಮನೆಯವರೆಲ್ಲ ಕೇಳಬೇಕಿತ್ತು. 'ನಿನಗೇನು ಬೇಕು?' ಎಂದು ಕೇಳಿಸಿಕೊಂಡ ಹೆಂಗಸರು ಎಷ್ಟು ಮಂದಿ? ತನಗೆ ಬೇಕಾದುದನ್ನು ತಾನೇ ನಿಂತು ಆರಿಸುವುದು ಚಿಕ್ಕ ವಿಷಯವೆಂದು ತೋರಬಹುದು. ಅದು ಸಿಗದವರಿಗೆ ಅದು ಚಿಕ್ಕದಲ್ಲ.

ಹಾಡು, ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದನ್ನು ಬಲ್ಲೆ. ವಾದ್ಯವಿರುವ ಹಾಡು ಬೇಡವೆನ್ನುವವರಿಗೂ ಈ ಪೆಟ್ಟಿಗೆಗಳಲ್ಲಿ ಹುಡುಕುವಂಥದ್ದಿದೆ. ನಾತ್‌ಗಳಿವೆ, ಮುಶಾಯಿರಾಗಳಿವೆ, ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್‌ರ ಕಿರಾಅತ್‌ನ ರೆಕಾರ್ಡುಗಳಿವೆ. ಸಂಪೂರ್ಣ ಕುರ್‌ಆನ್ ಪಾರಾಯಣ ಮೊತ್ತಮೊದಲು ಹೊರಬಂದದ್ದು 1961ರಲ್ಲಿ, ಇಂಥ ರೆಕಾರ್ಡುಗಳ ರೂಪದಲ್ಲಿಯೇ. ಓದಿದವರು ಈಜಿಪ್ಟಿನವರೇ ಆದ ಶೇಖ್ ಮಹ್ಮೂದ್ ಖಲೀಲ್ ಅಲ್ ಹುಸರಿ.

ಇಂಥ ಅಂಗಡಿಗಳು ಉಳಿಯುತ್ತವೆಯೇ? ನಮ್ಮಲ್ಲಿ 1980ರ ದಶಕದಲ್ಲಿ ಕ್ಯಾಸೆಟ್ ಬಂದು ರೆಕಾರ್ಡನ್ನು ಬದಿಗೆ ಸರಿಸಿತು. ಕ್ಯಾಸೆಟನ್ನು ಸಿಡಿ, ಸಿಡಿಯನ್ನು ಮೊಬೈಲ್ ಸರಿಸಿತು. ಆಶ್ಚರ್ಯವೆಂದರೆ ದೊಡ್ಡ ದೊಡ್ಡ ಮಳಿಗೆಗಳೇ ಮೊದಲು ಬಿದ್ದವು. ಅಮೆರಿಕದ ಟವರ್ ರೆಕಾರ್ಡ್ಸ್ ತನ್ನ ಅಲ್ಲಿನ ಮಳಿಗೆಗಳನ್ನು 2006ರಲ್ಲಿ ಮುಚ್ಚಿತು. ಕೋಲ್ಕತಾದ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ 2013ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಿ ಬಹಳ ಹೆಸರು ಮಾಡಿದ್ದ ರಿದಮ್ ಹೌಸ್ ಕೂಡ 2016ರಲ್ಲಿ ಬಾಗಿಲು ಹಾಕಿತು. ಆದರೆ 1894ರಲ್ಲಿ ಆರಂಭವಾದ ವೇಲ್ಸ್‌ನ ಕಾರ್ಡಿಫ್ ನಗರದ ಸ್ಪಿಲ್ಲರ್ಸ್ ಎಂಬ ಸಣ್ಣ ಅಂಗಡಿ, ಜಗತ್ತಿನ ಅತ್ಯಂತ ಹಳೆಯ ರೆಕಾರ್ಡ್ ಅಂಗಡಿ ಎನಿಸಿಕೊಂಡು ಈ ಎಲ್ಲ ಬದಲಾವಣೆಗಳನ್ನು ದಾಟಿ 21ನೆಯ ಶತಮಾನಕ್ಕೂ ಬಂತು. 2008ರಿಂದ ಸಣ್ಣ ಅಂಗಡಿಗಳಿಗೆಂದೇ ವರ್ಷಕ್ಕೊಮ್ಮೆ 'ರೆಕಾರ್ಡ್ ಸ್ಟೋರ್ ಡೇ' ಆಚರಿಸುವ ರೂಢಿ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾದರೆ ಸಿಡಿಗಳು ಸುಮಾರು 3.3 ಕೋಟಿ. ರೆಕಾರ್ಡು ಸಿಡಿಯನ್ನು ಹೀಗೆ ಹಿಂದಿಕ್ಕಿದ್ದು 1987ರ ನಂತರ ಅದೇ ಮೊದಲು. ಹುಡುಗ ಹುಡುಗಿಯರು ಮೊಬೈಲ್ ಜೇಬಿನಲ್ಲಿದ್ದೂ ರೆಕಾರ್ಡ್ ಕೊಳ್ಳುತ್ತಿದ್ದಾರೆ. ಕೈಯಲ್ಲಿ ಹಿಡಿಯುವಂಥದ್ದು, ಆರಿಸಿ ತರುವಂಥದ್ದು ಅವರಿಗೂ ಬೇಕಾಗಿದೆ.

ಹೋಗುವುದಾದರೆ ಕೆಲವು ಮಾತು ನೆನಪಿರಲಿ. ರೆಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಗೆರೆಗಳ ಮೇಲೆ ಬೆರಳು ಬೇಡ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಕೊಳ್ಳುವ ಮೊದಲು 'ಸ್ವಲ್ಪ ಹಾಕಿ ತೋರಿಸಿ' ಎನ್ನಲು ಸಂಕೋಚ ಬೇಡ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಲ್ಲವರಿಗೆ ತೋರಿಸಿ. ಅವುಗಳಲ್ಲಿ ಎಷ್ಟೋ ಧ್ವನಿಗಳು ಬೇರೆಲ್ಲೂ ಉಳಿದಿರಲಾರವು. ಅವನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಬಿಸಿಲು ತಾಗಿಸಬೇಡಿ. 78ರ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲೆ ಇಡಲೇಬೇಡಿ, ಒಂದೇ ಸಲಕ್ಕೆ ಕೆಟ್ಟುಹೋಗುತ್ತದೆ.

ಮುಂದಿನ ಸಲ ಮದುವೆಯ ಬಟ್ಟೆಗೋ ನೆಂಟರ ಮನೆಗೋ ಎಂದು ಮುಂಬೈ, ದೆಹಲಿ, ಕೋಲ್ಕತಾಗಳಿಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಜೊತೆಯಲ್ಲಿ ಉಮ್ಮನಿದ್ದರೆ ಅವರನ್ನೂ, ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ಕೊಳ್ಳಲೇಬೇಕೆಂದಿಲ್ಲ. "ನಿಮ್ಮ ನಿಕಾಹ್‌ನ ದಿನ ಯಾವ ಹಾಡು ಹಾಕಿದ್ದರು?" ಎಂದು ಉಮ್ಮನನ್ನು ಕೇಳಿ, ಅದನ್ನು ಅಂಗಡಿಯವನಿಗೆ ಹೇಳಿ. ಸಿಕ್ಕಿದರೆ ಕುಳಿತು ಕೇಳಿ ಬನ್ನಿ.