ಗುಳಿಗೆಯನ್ನು ನಿಲ್ಲಿಸಬೇಕೆ?

ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಕಟ್ಟುವುದೂ ಹೆಪ್ಪು. ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣ ಉಳಿಯುತ್ತದೆ. ಅದೇ ಹೆಪ್ಪು ಹೃದಯದೊಳಗೆ ಕಟ್ಟಿ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು. ಲೋಹದ ಕವಾಟವನ್ನು ಇಡಿಸಿಕೊಂಡವರೂ ಹೃದಯದ ಬಡಿತ ತಾಳತಪ್ಪಿದವರಲ್ಲಿ ಅನೇಕರೂ ವಾರ್ಫರಿನ್ ಗುಳಿಗೆಯನ್ನು ಸೇವಿಸುವುದು ಈ ಎರಡನೆಯ ಭಯದಿಂದ. ಜನರು ಅದನ್ನು ‘ರಕ್ತ ತೆಳುಮಾಡುವ ಗುಳಿಗೆ’ ಎನ್ನುತ್ತಾರೆ. ವಾಸ್ತವವಾಗಿ ರಕ್ತವೇನೂ ತೆಳುವಾಗುವುದಿಲ್ಲ; ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ.

ಇಂಥವರಿಗೆ ಪೇಸ್‌ಮೇಕರ್ ಅಳವಡಿಸಬೇಕಾಗಿ ಬಂದಾಗ ವೈದ್ಯರಿಗೆ ಇಕ್ಕಟ್ಟು. 1958ರಲ್ಲಿ ಸ್ವೀಡನ್ನಿನ ಡಾಕ್ಟರ್ ಸೆನ್ನಿಂಗ್ ಅವರು ಮೊದಲ ಬಾರಿಗೆ ಮನುಷ್ಯದೇಹದೊಳಗೆ ಇರಿಸಿದ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಇಂದಿನವು ವರ್ಷಗಟ್ಟಲೆ ದುಡಿಯುತ್ತವೆ. ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಪುಟ್ಟದೊಂದು ಜೇಬನ್ನು ಮಾಡಿ ಯಂತ್ರವನ್ನು ಅದರಲ್ಲಿ ಇಡುತ್ತಾರೆ. ಆ ಜೇಬಿನೊಳಗೆ ರಕ್ತ ಒಸರಿ ತುಂಬಿಕೊಂಡರೆ ಎದೆಯ ಮೇಲೆ ಬಾವು ಏಳುತ್ತದೆ.

ಹಾಗಾದರೆ ಗುಳಿಗೆಯನ್ನು ಕೆಲವು ದಿನ ನಿಲ್ಲಿಸಿ, ನಡುವಿನ ಅವಧಿಗೆ ಹೆಪಾರಿನ್ ಚುಚ್ಚುಮದ್ದು ಕೊಡುವುದು ಲೇಸಲ್ಲವೆ? ಯಾರಿಗಾದರೂ ಹಾಗೆಯೇ ತೋರುತ್ತದೆ. ವೈದ್ಯರೂ ಬಹುಕಾಲ ಹಾಗೆಯೇ ಮಾಡುತ್ತಿದ್ದರು. ಆದರೆ 2013ರಲ್ಲಿ ಪ್ರಕಟವಾದ, ಬಹುಪಾಲು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯೊಂದು ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಹೆಪ್ಪಿನ ಅಪಾಯ ಹೆಚ್ಚಾಗಿದ್ದ 681 ರೋಗಿಗಳನ್ನು ಎರಡು ಪಂಗಡ ಮಾಡಿದ್ದರು. ಚುಚ್ಚುಮದ್ದಿನ ಪಂಗಡದಲ್ಲಿ ನೂರಕ್ಕೆ 16 ಮಂದಿಗೆ ತೊಂದರೆ ಕೊಡುವಂಥ ಬಾವು ಬಂದಿತು. ವಾರ್ಫರಿನ್ನನ್ನು ನಿಲ್ಲಿಸದೆ ಮುಂದುವರಿಸಿದವರಲ್ಲಿ ನೂರಕ್ಕೆ 3.5 ಮಾತ್ರ!

ಇದೆಂತಹ ವಿಚಿತ್ರ ಎನಿಸಬಹುದು. ಸಂಶೋಧಕರು ಊಹಿಸಿದ ಕಾರಣ ಸರಳವಾಗಿದೆ. ಗುಳಿಗೆಯ ಪ್ರಭಾವ ಇರುವಾಗಲೇ ಶಸ್ತ್ರಕ್ರಿಯೆ ನಡೆದರೆ, ಒಸರುವ ರಕ್ತನಾಳವು ಗಾಯ ತೆರೆದಿರುವಾಗಲೇ ಕಣ್ಣಿಗೆ ಬೀಳುತ್ತದೆ. ವೈದ್ಯರು ಅಲ್ಲಿಯೇ ಅದನ್ನು ಮುಚ್ಚುತ್ತಾರೆ. ಔಷಧಿ ನಿಲ್ಲಿಸಿದ್ದಾಗಲಾದರೋ ಎಲ್ಲವೂ ಒಣಗಿದಂತೆ ಕಾಣುತ್ತದೆ. ಹೊಲಿಗೆ ಹಾಕಿ, ಹೆಪಾರಿನ್ ಮತ್ತೆ ಆರಂಭಿಸಿದ ಮೇಲೆ, ಯಾರ ಕಣ್ಣಿಗೂ ಬೀಳದಂತೆ, ಒಸರು ಶುರುವಾಗುತ್ತದೆ.

ಬಾವು ಬಂದರೆ ತಾನೇ ಇಳಿದೀತು ಎಂದು ಉದಾಸೀನ ಮಾಡುವಂತಿಲ್ಲ. ಅದೇ ರೋಗಿಗಳನ್ನು ಒಂದು ವರ್ಷ ಗಮನಿಸಿದಾಗ, ಬಾವು ಬಂದವರಲ್ಲಿ ಗಂಭೀರ ಸೋಂಕಿನ ಅಪಾಯ ಏಳು ಪಟ್ಟಿಗೂ ಮಿಕ್ಕಿದ್ದುದು ಕಂಡಿತು. ಜೇಬಿಗೆ ಸೋಂಕು ತಗುಲಿದರೆ ಸಾಮಾನ್ಯವಾಗಿ ಯಂತ್ರವನ್ನೂ ತಂತಿಗಳನ್ನೂ ಹೊರತೆಗೆಯಲೇಬೇಕು. ಸೂಜಿ ಚುಚ್ಚಿ ರಕ್ತವನ್ನು ಎಳೆಯೋಣವೆಂದರೆ, ಆ ಸೂಜಿಯೇ ರೋಗಾಣುಗಳಿಗೆ ದಾರಿಯಾದೀತು.

ನೆರೆಮನೆಯವರಿಗೆ ಹೇಳಿದ ಕ್ರಮ ನಮಗೂ ಸರಿಯೆಂದು ತಿಳಿಯಕೂಡದು. ಅಪಿಕ್ಸಬಾನ್ ಮೊದಲಾದ ಹೊಸ ಔಷಧಿಗಳ ಮಾತೇ ಬೇರೆ. 2018ರ ಪರೀಕ್ಷೆಯಲ್ಲಿ ಅವನ್ನು ಮುಂದುವರಿಸಿದವರಲ್ಲಿಯೂ ನಿಲ್ಲಿಸಿದವರಲ್ಲಿಯೂ ಬಾವು ಬಂದವರು ನೂರಕ್ಕೆ 2.1ರಷ್ಟೇ. ಜೊತೆಗೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಸೇರಿದ್ದರೆ ರಕ್ತಸ್ರಾವದ ಸಂಭವ ಹೆಚ್ಚು. ಆದುದರಿಂದ ಮನೆಯಲ್ಲಿರುವ ಗುಳಿಗೆಗಳೆಲ್ಲವನ್ನೂ, ತಲೆನೋವಿಗೆ ನುಂಗುವುದನ್ನೂ ಬಿಡದೆ, ಶಸ್ತ್ರಕ್ರಿಯೆಗೆ ಸಾಕಷ್ಟು ಮುಂಚೆ ವೈದ್ಯರ ಮುಂದಿಡಿ. ತಾವಾಗಿ ಒಂದನ್ನೂ ನಿಲ್ಲಿಸಬೇಡಿ. ವಾರ್ಫರಿನ್ ಸೇವಿಸುವವರು ರಕ್ತಪರೀಕ್ಷೆಯ ಚೀಟಿಯನ್ನು ಮರೆಯದೆ ಒಯ್ಯಬೇಕು. ಹೆಪ್ಪುಗಟ್ಟುವ ಕಾಲ ಮಿತಿಮೀರಿದ್ದರೆ ಶಸ್ತ್ರಕ್ರಿಯೆಯನ್ನು ಮುಂದೂಡುವುದೂ ಉಂಟು.

ಮನೆಗೆ ಬಂದ ಮೇಲೆ ಬಾವು ದೊಡ್ಡದಾಗುತ್ತಿದ್ದರೆ, ಬಿಗಿದು ನೋಯುತ್ತಿದ್ದರೆ, ಹೊಲಿಗೆಯಿಂದ ರಕ್ತವೋ ಕೀವೋ ಜಿನುಗಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಇವೆಲ್ಲ ಅಲ್ಲಿ ಸಲ್ಲವು.